ಬೇಗ ಹೊಡಿ ಅನ್ನೋ ಕೋಚ್, ನಿಧಾನ ಹೊಡಿ ಅನ್ನೋ ಕೋಚ್: ಯಾರ ಮಾತು ಕೇಳೋದು?

ಪ್ರಶ್ನೆ: ಸರ್, ನನಗೆ 33 ವರ್ಷ. ಊರು ಮಂಡ್ಯದ ಹತ್ತಿರ. ಮನೆಯಲ್ಲಿ ಆಲೆಮನೆ ಇದೆ, ನಾನು ಕಂಪನಿ ಕೆಲಸದಲ್ಲಿದ್ದೇನೆ. ಎರಡು ವರ್ಷದಿಂದ ವಾರಕ್ಕೊಮ್ಮೆ ಮೈಸೂರಿಗೆ ಬಂದು 10 ಮೀಟರ್ ಏರ್ ಪಿಸ್ತೂಲ್ ಅಭ್ಯಾಸ ಮಾಡುತ್ತೇನೆ. 600ಕ್ಕೆ 545ರ ಆಸುಪಾಸು ಬರುತ್ತದೆ. ಈಚೆಗೆ ಪ್ರಾಕ್ಟಿಕಲ್ ಪಿಸ್ತೂಲ್, ಅಂದರೆ ಓಡಾಡುತ್ತಾ ಹಲವು ಟಾರ್ಗೆಟ್ಟಿಗೆ ಬೇಗ ಬೇಗ ಹೊಡೆಯುವ ಸ್ಪರ್ಧೆಗಳ ವಿಡಿಯೋ ನೋಡಿ ಹುಚ್ಚು ಹಿಡಿದಿದೆ. ಆದರೆ ಕ್ಲಬ್‌ನ .22 ಪಿಸ್ತೂಲಿನಲ್ಲಿ ಬೇಗ ಬೇಗ ಹೊಡೆಯಲು ಹೋದರೆ ಗುಂಡೆಲ್ಲ ಕೆಳಗೆ, ಎಡಕ್ಕೆ ಹೋಗುತ್ತವೆ. ಒಬ್ಬ ಕೋಚ್ ‘ಬೇಗ ಹೊಡೀತಾ ಇರಿ, ತಾನಾಗೇ ಸರಿಹೋಗುತ್ತೆ’ ಅನ್ನುತ್ತಾರೆ. ಇನ್ನೊಬ್ಬರು ‘ನಿಧಾನ ಹೊಡೀರಿ, ವೇಗ ಆಮೇಲೆ ಬರುತ್ತೆ’ ಅನ್ನುತ್ತಾರೆ. ಯಾರ ಮಾತು ಕೇಳಲಿ? ಏರ್ ಪಿಸ್ತೂಲ್ ಬಿಟ್ಟುಬಿಡಲೇ? ಇಲ್ಲೇ ಇದ್ದುಕೊಂಡು ಇದನ್ನು ಕಲಿಯೋದು ಹೇಗೆ?

ಉತ್ತರ: ಇಬ್ಬರ ಮಾತಿನಲ್ಲೂ ಅರ್ಧ ಸತ್ಯ ಇದೆ. ತೊಂದರೆ ಏನು ಅಂದ್ರೆ, ಇಬ್ಬರೂ ನಿಮ್ಮ ಟಾರ್ಗೆಟ್ ಕಾಗದ ನೋಡಿ ಮಾತಾಡಿದ ಹಾಗಿದೆ. ಹೊಡೆಯುವಾಗ ನಿಮ್ಮ ಕೈ ಏನು ಮಾಡುತ್ತಿತ್ತು, ಕಣ್ಣು ಎಲ್ಲಿತ್ತು ಅಂತ ಯಾರೂ ನೋಡಿದಂತಿಲ್ಲ. ನಾನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಪೊಲೀಸ್ ಇಲಾಖೆಯಲ್ಲಿ ಆಯುಧ ತರಬೇತಿ ಕೊಟ್ಟವನು. ಈಗ ಮೈಸೂರಿನಲ್ಲಿ ಹುಡುಗರಿಗೆ ಹೇಳಿಕೊಡುತ್ತೇನೆ. ಕಾಗದ ನೋಡಿ ಕಾಯಿಲೆ ಹೇಳುವ ತಪ್ಪನ್ನು ನಾನೂ ಬೇಕಾದಷ್ಟು ಮಾಡಿದ್ದೇನೆ.

ನಿಮ್ಮ ಪ್ರಶ್ನೆಗೆ ಉತ್ತರ ಈ ಆಟದ ಲೆಕ್ಕದಲ್ಲೇ ಇದೆ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ. ಪ್ರಾಕ್ಟಿಕಲ್ ಶೂಟಿಂಗ್‌ನ ಅಂತರರಾಷ್ಟ್ರೀಯ ಒಕ್ಕೂಟ, ಐಪಿಎಸ್‌ಸಿ, ಹುಟ್ಟಿದ್ದು 1976ರಲ್ಲಿ, ಅಮೆರಿಕದ ಕೊಲಂಬಿಯಾ ಅನ್ನೋ ಊರಲ್ಲಿ. ಜೆಫ್ ಕೂಪರ್ ಮೊದಲ ಅಧ್ಯಕ್ಷ. ಅದರ ಧ್ಯೇಯವಾಕ್ಯದಲ್ಲಿ ಇರೋದು ಮೂರೇ ಲ್ಯಾಟಿನ್ ಪದ: ನಿಖರತೆ, ಬಲ, ವೇಗ ಅಂತ ಅರ್ಥ. ಇಲ್ಲಿ ಅಂಕ ಎಷ್ಟು ಬಂತು ಅನ್ನೋದಷ್ಟೇ ಸಾಲದು. ಬಂದ ಅಂಕವನ್ನು ತಗೊಂಡ ಸೆಕೆಂಡಿನಿಂದ ಭಾಗಿಸುತ್ತಾರೆ. ಅದಕ್ಕೆ ಹಿಟ್ ಫ್ಯಾಕ್ಟರ್ ಅನ್ನುತ್ತಾರೆ. ಟಾರ್ಗೆಟ್ಟಿನ ನಡುವಿನ ಎ ವಲಯಕ್ಕೆ 5 ಅಂಕ. ಕಡಿಮೆ ಬಲದ ಗುಂಡಾದರೆ ಸಿ ವಲಯಕ್ಕೆ 3, ಡಿ ವಲಯಕ್ಕೆ 1. ಪೂರ್ತಿ ತಪ್ಪಿದರೆ 10 ಅಂಕ ಕಡಿತ.

ಕೂಪರ್ ರೂಪಿಸಿದ ಒಂದು ಹಳೆಯ ಅಭ್ಯಾಸವಿದೆ, ಎಲ್ ಪ್ರೆಸಿಡೆಂಟೆ ಅಂತ. ಹತ್ತು ಗಜ ದೂರದಲ್ಲಿ ಮೂರು ಟಾರ್ಗೆಟ್. ಬೆನ್ನು ಹಾಕಿ ನಿಂತಿರಬೇಕು. ಬೀಪ್ ಆದ ಕೂಡಲೇ ತಿರುಗಿ, ಪಿಸ್ತೂಲ್ ತೆಗೆದು, ಒಂದೊಂದಕ್ಕೆ ಎರಡೆರಡು ಗುಂಡು. ಮ್ಯಾಗಜಿನ್ (ಗುಂಡು ತುಂಬಿದ ಡಬ್ಬಿ) ಬದಲಿಸಿ ಮತ್ತೆ ಒಂದೊಂದಕ್ಕೆ ಎರಡೆರಡು. ಒಟ್ಟು 12 ಗುಂಡು.

ಮೂರು ಜನ ಇದನ್ನು ಹೊಡೆದರು ಅಂದುಕೊಳ್ಳಿ. ಮೊದಲನೆಯವನು ನಿಮ್ಮ ಹಾಗೆ ಏರ್ ಪಿಸ್ತೂಲಿನಿಂದ ಬಂದವನು. ಹನ್ನೆರಡೂ ಎ ವಲಯಕ್ಕೆ, 60 ಅಂಕ, 8 ಸೆಕೆಂಡು. ಫ್ಯಾಕ್ಟರ್ 7.5. ಎರಡನೆಯವನಿಗೆ 8 ಎ, 4 ಸಿ. ಅಂದರೆ 52 ಅಂಕ, 6 ಸೆಕೆಂಡು. ಫ್ಯಾಕ್ಟರ್ 8.67. ಮೂರನೆಯವನು ಬಿರುಗಾಳಿ. 5 ಸೆಕೆಂಡಲ್ಲೇ ಮುಗಿಸಿದ. ಆದರೆ 6 ಎ, 3 ಸಿ, 2 ಡಿ, ಒಂದು ಪೂರ್ತಿ ಮಿಸ್. ಲೆಕ್ಕ ಹಾಕಿದರೆ 31 ಅಂಕ, ಫ್ಯಾಕ್ಟರ್ 6.2. ಗೆದ್ದದ್ದು ಎರಡನೆಯವನು. ಬಿರುಗಾಳಿ ಕೊನೆಗೆ ಬಂದ. ಒಂದು ಮಿಸ್ ಅಂದ್ರೆ ಬರಬೇಕಿದ್ದ 5 ಹೋಯಿತು, ಇದ್ದದ್ದರಲ್ಲಿ 10 ಹೋಯಿತು, ಒಟ್ಟು 15. ನಿಮ್ಮ ಮೊದಲ ಕೋಚ್ ಮರೆತಿರೋದು ಇದನ್ನೇ.

ಎರಡನೇ ಕೋಚ್ ಮರೆತಿರೋದು ಬೇರೆ. ಗೆದ್ದವನ ಆ 6 ಸೆಕೆಂಡು ಎಲ್ಲಿ ಹೋಯಿತು ಅಂತ ಬಿಡಿಸಿ ನೋಡಿ. ತಿರುಗಿ, ಪಿಸ್ತೂಲ್ ತೆಗೆದು ಮೊದಲ ಗುಂಡು ಬಿಡೋವರೆಗೆ 1.8 ಸೆಕೆಂಡು ಅನ್ನಿ. ಮ್ಯಾಗಜಿನ್ ಬದಲಿಸೋಕೆ 1.6. ಒಂದು ಟಾರ್ಗೆಟ್ಟಿನಿಂದ ಇನ್ನೊಂದಕ್ಕೆ ಹೋಗುವುದು ನಾಲ್ಕು ಸಲ, ಸಲಕ್ಕೆ 0.35ರಂತೆ 1.4. ಇನ್ನು ಅದೇ ಟಾರ್ಗೆಟ್ಟಿಗೆ ಎರಡನೇ ಗುಂಡು ಆರು ಸಲ, ಸಲಕ್ಕೆ 0.2ರಂತೆ 1.2. ಕೂಡಿದರೆ ಸರಿಯಾಗಿ 6. ಬೆರಳನ್ನು ಪಟಪಟ ಆಡಿಸಿ ಉಳಿಸಬಹುದಾದ ಸಮಯ ಇರೋದು ಆ ಕೊನೆಯ 1.2 ಸೆಕೆಂಡಿನಲ್ಲಿ ಮಾತ್ರ. ಅಲ್ಲಿ ಸಲಕ್ಕೆ 0.05 ಉಳಿಸಲು ಎಷ್ಟೇ ಒದ್ದಾಡಿದರೂ ಒಟ್ಟು ಸಿಗೋದು 0.3. ಮ್ಯಾಗಜಿನ್ ಬದಲಾವಣೆಯನ್ನು 2.2ರಿಂದ 1.6ಕ್ಕೆ ಇಳಿಸಿದರೆ 0.6 ಸಿಗುತ್ತದೆ, ಅದೂ ಒಂದು ಗುಂಡೂ ಖರ್ಚಿಲ್ಲದೆ, ಒಂದು ಅಂಕವೂ ಹೋಗದೆ.

ಹಾಗಾಗಿ ನನ್ನ ಉತ್ತರ ಇಷ್ಟೆ. ಟ್ರಿಗರ್ ನಿಧಾನವಾಗಿಯೇ ಇರಲಿ, ಉಳಿದದ್ದೆಲ್ಲ ಬೇಗ ಆಗಲಿ. ಕಣ್ಣು ಬೇಗ ಹೋಗಬೇಕು, ಕಾಲು ಬೇಗ ಹೊರಡಬೇಕು, ಕೈ ಬೇಗ ಏಳಬೇಕು. ಬೆರಳಿಗೆ ಅವಸರ ಗೊತ್ತಾಗಬಾರದು. ಹುಡುಗರು ಇದನ್ನು ಸರಿಯಾಗಿ ಉಲ್ಟಾ ಮಾಡ್ತಾರೆ. ಕಾಲು ಎಳೆದುಕೊಂಡು ಹೋಗಿ, ಅಲ್ಲಿ ನಿಂತು ಯೋಚಿಸಿ, ಆಮೇಲೆ ಬೆರಳಲ್ಲಿ ಸಾಲ ತೀರಿಸೋಕೆ ನೋಡ್ತಾರೆ.

ಈಗ ಕೆಳಗೆ, ಎಡಕ್ಕೆ ಹೋಗುವ ಗುಂಡಿನ ವಿಷಯ. ನೀವು ಬಲಗೈಯವರು ಅಂತ ಇದರಿಂದಲೇ ಗೊತ್ತಾಯಿತು. 10 ಮೀಟರ್ ಏರ್ ಪಿಸ್ತೂಲಿನ ಟ್ರಿಗರ್ ತೂಕ ನಿಯಮದ ಪ್ರಕಾರ ಕನಿಷ್ಠ 500 ಗ್ರಾಂ. 25 ಮೀಟರ್‌ನ .22 ಸ್ಪೋರ್ಟ್ ಪಿಸ್ತೂಲಿಗೆ ಕನಿಷ್ಠ 1000 ಗ್ರಾಂ. ಎರಡು ವರ್ಷ ಅರ್ಧ ಕೇಜಿ ಎಳೆದ ಬೆರಳಿಗೆ ದಿಢೀರಂತ ಒಂದು ಕೇಜಿ ಎಳೆಯೋಕೆ ಹೇಳಿದ್ದೀರಿ, ಅದೂ ಅವಸರದಲ್ಲಿ. ಒಂಟಿ ಬೆರಳಿಗೆ ಆಗಲ್ಲ ಅಂತ ಇಡೀ ಅಂಗೈ ಸಹಾಯಕ್ಕೆ ಬರುತ್ತದೆ. ಮುಷ್ಟಿ ಬಿಗಿಯುತ್ತದೆ, ಬ್ಯಾರಲ್ ತುದಿ ಕೆಳಗೆ ಎಡಕ್ಕೆ ಬಾಗುತ್ತದೆ. ಅದರ ಮೇಲೆ ಸದ್ದು. ಏರ್ ಪಿಸ್ತೂಲು ಟಪ್ ಅನ್ನುತ್ತೆ, .22 ಚಟಾರ್ ಅನ್ನುತ್ತೆ. ಸದ್ದು ಬರುತ್ತೆ ಅಂತ ಗೊತ್ತಿರುವ ಮೈ, ಬರೋಕೆ ಮುಂಚೆಯೇ ಬೆಚ್ಚುತ್ತದೆ.

ಇದಕ್ಕೆ ನಾಚಿಕೆ ಪಡಬೇಡಿ. ದಸರಾಕ್ಕೆ ಮುಂಚೆ ಮೈಸೂರಿನಲ್ಲಿ ಆನೆಗಳಿಗೆ, ಕುದುರೆಗಳಿಗೆ ಫಿರಂಗಿ ಸದ್ದಿನ ತಾಲೀಮು ಮಾಡಿಸೋದನ್ನು ನೋಡಿದ್ದೀರಾ? ಜಂಬೂಸವಾರಿ ದಿನ 21 ಕುಶಾಲತೋಪು ಹಾರಿಸಬೇಕಲ್ಲ, ಅದಕ್ಕೆ. ಹಳೆಯ ಆನೆಗಳು ಕಿವಿ ಬೀಸಿಕೊಂಡು ನಿಂತಿರುತ್ತವೆ. ಹೊಸದಾಗಿ ಬಂದವು ಮೊದಲ ಸದ್ದಿಗೇ ಬೆಚ್ಚಿ ಹಿಂದೆ ಸರಿಯುತ್ತವೆ. ಮಾವುತರು ಬೈಯುವುದಿಲ್ಲ. ಮೈ ಸವರುತ್ತಾರೆ, ಇನ್ನೊಂದು ದಿನ ಮತ್ತೆ ಕರೆತರುತ್ತಾರೆ. ಅಷ್ಟು ದೊಡ್ಡ ಪ್ರಾಣಿಗೇ ಕಂತು ಕಂತಾಗಿ ಅಭ್ಯಾಸ ಬೇಕು. ‘ಬೇಗ ಹೊಡೀತಾ ಇರಿ, ಸರಿಹೋಗುತ್ತೆ’ ಅಂದರೆ ಬೆಚ್ಚುವುದೇ ಅಭ್ಯಾಸವಾಗುತ್ತದೆ ಅಷ್ಟೆ.

ಕಂಡುಹಿಡಿಯುವ ದಾರಿ ಸುಲಭ. ರೇಂಜಿನಲ್ಲಿ ಕೋಚ್ ಕೈಗೆ ನಿಮ್ಮ ಮ್ಯಾಗಜಿನ್ ಕೊಡಿ. ಐದು ಗುಂಡಿನ ನಡುವೆ ಎಲ್ಲೋ ಒಂದು ಡಮ್ಮಿ, ಅಂದರೆ ಮದ್ದಿಲ್ಲದ ನಕಲಿ ಗುಂಡು, ಹಾಕಿಕೊಡಲಿ. ಎಲ್ಲಿ ಅಂತ ನಿಮಗೆ ಗೊತ್ತಿರಬಾರದು. ಹೊಡೆಯುತ್ತಾ ಬನ್ನಿ. ಡಮ್ಮಿ ಬಂದಾಗ ಟಿಕ್ ಅನ್ನುತ್ತದೆ, ಗುಂಡು ಹಾರಲ್ಲ. ಆ ಕ್ಷಣ ಪಿಸ್ತೂಲಿನ ಮೂತಿ ನೋಡಿ. ಅಲ್ಲಾಡದೆ ನಿಂತರೆ ಗೆದ್ದಿರಿ. ಕೋಳಿ ಕಾಳು ಹೆಕ್ಕುವ ಹಾಗೆ ಮೂತಿ ಕೆಳಗೆ ಕುಕ್ಕಿದರೆ, ಕಳ್ಳ ಸಿಕ್ಕಿದ. ಮೊಬೈಲಿನಲ್ಲಿ ಪಕ್ಕದಿಂದ ಸ್ಲೋ ಮೋಷನ್ ವಿಡಿಯೋ ತೆಗೆಸಿಕೊಂಡರೆ ಇನ್ನೂ ಚೆನ್ನ. ಹೀಗೆ ತೋರಿಸಿದಾಗ ‘ಇದು ನಾನಲ್ಲ ಸರ್’ ಅಂದವರೂ ಇದ್ದಾರೆ.

ಇದರ ಮದ್ದು ಖಾಲಿ ಪಿಸ್ತೂಲು. ಡ್ರೈ ಫೈರ್ ಅಂತಾರಲ್ಲ, ಅದು. ನಿಮ್ಮ ಏರ್ ಪಿಸ್ತೂಲು ಸ್ಪರ್ಧೆಗೆಂದೇ ಮಾಡಿದ್ದಾದರೆ ಡ್ರೈ ಫೈರ್ ವ್ಯವಸ್ಥೆ ಅದರಲ್ಲೇ ಇರುತ್ತದೆ. ಕ್ಲಬ್‌ನ .22ರಲ್ಲಿ ಮಾತ್ರ ಕೇಳದೆ ಮಾಡಬೇಡಿ. ಕೆಲವು .22ಗಳಲ್ಲಿ ಗುಂಡಿಲ್ಲದೆ ಟ್ರಿಗರ್ ಎಳೆದರೆ ಒಳಗಿನ ಪಿನ್ನು ಚೇಂಬರಿನ ಅಂಚಿಗೆ ಬಡಿದು ಹಾಳಾಗುತ್ತದೆ. ಮನೆಯಲ್ಲಿ ಬಿಳಿ ಗೋಡೆ ಕಡೆ ತಿರುಗಿ, ಟಾರ್ಗೆಟ್ ಯಾವುದೂ ಇಲ್ಲದೆ, ಫ್ರಂಟ್ ಸೈಟ್ (ಬ್ಯಾರಲ್ ತುದಿಯ ಗುರಿಕಡ್ಡಿ) ಅಲ್ಲಾಡದಂತೆ ಟ್ರಿಗರ್ ಎಳೆಯಿರಿ. ದಿನಕ್ಕೆ ಹದಿನೈದು ನಿಮಿಷ ಸಾಕು, ಆದರೆ ವಾರಕ್ಕೆ ಐದು ದಿನ ಆಗಲೇಬೇಕು. ಶನಿವಾರ ಒಂದೇ ದಿನ ಮೂರು ಗಂಟೆ ಮಾಡಿದರೆ ಕೈ ನೋಯುತ್ತದೆ, ಅಷ್ಟೇ ಲಾಭ.

ಒಂದು ವಾರ ಹೋದ ಮೇಲೆ ಗೋಡೆಗೆ ಮೂರು ಸಣ್ಣ ಚೀಟಿ ಅಂಟಿಸಿ, ಒಂದೊಂದರ ನಡುವೆ ಎರಡು ಮೊಳ ಅಂತರ. ಮೊದಲ ಚೀಟಿಯಿಂದ ಎರಡನೆಯದಕ್ಕೆ ಹೋಗುವಾಗ ಮೊದಲು ಕಣ್ಣು ಹೋಗಿ ಚೀಟಿಯ ನಡುವೆ ಕೂರಬೇಕು. ಆಮೇಲೆ ಪಿಸ್ತೂಲು ಕಣ್ಣಿದ್ದಲ್ಲಿಗೆ ಬರಬೇಕು. ಹೊಸಬರು ಫ್ರಂಟ್ ಸೈಟನ್ನೇ ನೋಡಿಕೊಂಡು, ಅದನ್ನು ಎಳೆದುಕೊಂಡು ಪಕ್ಕಕ್ಕೆ ಹೋಗುತ್ತಾರೆ. ಆಗ ಪಿಸ್ತೂಲು ಚೀಟಿ ದಾಟಿ ಮುಂದೆ ಹೋಗಿ ವಾಪಸ್ ಬರುತ್ತದೆ. ಮೇಲೆ ಹೇಳಿದ ಆ 0.35 ಸೆಕೆಂಡು 0.6 ಆಗೋದು ಇಲ್ಲೇ. ಈ ಅಭ್ಯಾಸದಲ್ಲಿ ಟ್ರಿಗರ್ ಮುಟ್ಟುವುದೇ ಬೇಡ.

ಏರ್ ಪಿಸ್ತೂಲಿನವರಿಗೆ ಇನ್ನೊಂದು ಕಷ್ಟ ಇದೆ, ಅದು ಒಳ್ಳೆಯತನದ ಕಷ್ಟ. 10 ಮೀಟರ್ ಟಾರ್ಗೆಟ್ಟಿನಲ್ಲಿ ಹತ್ತರ ವೃತ್ತ 11.5 ಮಿಲಿಮೀಟರ್, ಅಂಗಿ ಗುಂಡಿಯಷ್ಟು. ಅದಕ್ಕೆ ಒಗ್ಗಿದ ಕಣ್ಣು ಸೈಟ್ ಕೂದಲೆಳೆಯಷ್ಟು ಅಲ್ಲಾಡಿದರೂ ‘ಇನ್ನೂ ಸರಿಯಿಲ್ಲ, ಇನ್ನೂ ಸರಿಯಿಲ್ಲ’ ಅಂತ ಕಾಯುತ್ತದೆ. ಕಾದು ಕಾದು, ಕೊನೆಗೆ ‘ಈಗ!’ ಅಂತ ಟ್ರಿಗರ್ ಕಿತ್ತುಬಿಡುತ್ತದೆ. 25 ಮೀಟರ್ ನಿಖರ ಸುತ್ತಿನಲ್ಲಿ ಹತ್ತರ ವೃತ್ತ 50 ಮಿಲಿಮೀಟರ್. ಅದೇ 25 ಮೀಟರ್‌ನ ರ‍್ಯಾಪಿಡ್ ಟಾರ್ಗೆಟ್ಟಿನಲ್ಲಿ 100 ಮಿಲಿಮೀಟರ್. ಬೇಗ ಹೊಡೆಯಬೇಕಾದಾಗ ವೃತ್ತ ದೊಡ್ಡದಿರಬೇಕು ಅಂತ ನಿಯಮ ಬರೆದವರೇ ಒಪ್ಪಿಕೊಂಡಿದ್ದಾರೆ. ನೀವು ಮಾತ್ರ ಇನ್ನೂ ಅಂಗಿ ಗುಂಡಿ ಹುಡುಕುತ್ತಿದ್ದೀರಿ.

ನಿಮ್ಮ ಮನೆಯಲ್ಲಿ ಆಲೆಮನೆ ಇದೆ ಅಂದಿರಿ. ಕೊಪ್ಪರಿಗೆ ಮುಂದೆ ನಿಂತು ಪಾಕ ನೋಡುವವರನ್ನು ಗಮನಿಸಿ. ಬೇಗ ಇಳಿಸಿದರೆ ಬೆಲ್ಲ ಗಟ್ಟಿಯಾಗಲ್ಲ, ಇನ್ನೂ ಚೆನ್ನಾಗಿ ಬರಲಿ ಅಂತ ಕಾದರೆ ಸೀದುಹೋಗುತ್ತದೆ. ಪಾಕ ಬಂತು ಅಂತ ಕಂಡ ಕೂಡಲೇ ಇಳಿಸುತ್ತಾರೆ. ಎದುರಿನ ಟಾರ್ಗೆಟ್ ಐದು ಗಜದಲ್ಲಿದ್ದರೆ ಪಾಕ ಬೇಗ ಬರುತ್ತದೆ. ಫ್ರಂಟ್ ಸೈಟ್ ಟಾರ್ಗೆಟ್ ಮೇಲಿದೆ ಅಂತ ಕಂಡರೆ ಸಾಕು, ಟ್ರಿಗರ್ ಎಳೆಯಬಹುದು. ಇಪ್ಪತ್ತೈದು ಗಜದಲ್ಲಿದ್ದರೆ ಏರ್ ಪಿಸ್ತೂಲಿನ ಹಾಗೆಯೇ ಸೈಟ್ ಕೂರಿಸಬೇಕು. ದೂರಕ್ಕೆ ತಕ್ಕ ಹಾಗೆ ಎಷ್ಟು ಕಂಡರೆ ಸಾಕು ಅಂತ ತಿಳಿಯುವುದೇ ಈ ಆಟದ ಅರ್ಧ ವಿದ್ಯೆ. ಆ ವಿಡಿಯೋಗಳಲ್ಲಿ ನೀವು ನೋಡಿದ ಶೂಟರ್‌ಗಳ ಲಯವೂ ಇದೇ ಕಾರಣಕ್ಕೆ ಒಂದೇ ಸಮನೆ ಇರಲ್ಲ. ಹತ್ತಿರದ್ದಕ್ಕೆ ಟಪಟಪ, ದೂರದ್ದಕ್ಕೆ ಟಪ್, ಟಪ್.

ಇನ್ನೊಂದು ಸಣ್ಣ ವಿಷಯ. ಏರ್ ಪಿಸ್ತೂಲಿನಲ್ಲಿ ನೀವು ಕಪ್ಪು ವೃತ್ತದ ಕೆಳಗಿನ ಬಿಳಿ ಜಾಗಕ್ಕೆ ಗುರಿ ಇಟ್ಟು ಅಭ್ಯಾಸವಾಗಿರುತ್ತದೆ. ಪ್ರಾಕ್ಟಿಕಲ್ ಟಾರ್ಗೆಟ್ ಬರೀ ರಟ್ಟು. ಕಪ್ಪೂ ಇಲ್ಲ, ಬಿಳಿಯೂ ಇಲ್ಲ, ವಲಯದ ಗೆರೆ ದೂರದಿಂದ ಕಾಣುವುದೂ ಇಲ್ಲ. ಎಲ್ಲಿ ತಗಲಬೇಕೋ ಅಲ್ಲಿಗೇ ಗುರಿ. ಜೊತೆಗೆ ಒಂಟಿ ಕೈ ಬಿಟ್ಟು ಎರಡೂ ಕೈಯಲ್ಲಿ ಹಿಡಿಯಬೇಕು. ಆಗ ಬಿಗಿ ಹಿಡಿತದ ಕೆಲಸ ಜಾಸ್ತಿ ಎಡಗೈಗೆ ಕೊಡಿ. ಬಲಗೈ ಸ್ವಲ್ಪ ಸಡಿಲ ಇದ್ದರೆ ಬೆರಳು ತನ್ನ ಪಾಡಿಗೆ ತಾನು ಓಡಾಡುತ್ತದೆ.

ಕಾಲಿನ ಅಭ್ಯಾಸಕ್ಕೆ ಪಿಸ್ತೂಲೇ ಬೇಡ. ಪಂದ್ಯದ ಉದ್ದದ ಸ್ಟೇಜ್‌ಗಳಲ್ಲಿ, ಅಂದರೆ ಸುತ್ತುಗಳಲ್ಲಿ, 32 ಗುಂಡಿನವರೆಗೂ ಇರುತ್ತದೆ, ಅಲ್ಲಿಂದಿಲ್ಲಿಗೆ ಓಡಾಡಬೇಕು. ಎಷ್ಟೋ ಸಮಯ ಹೋಗೋದು ಹೊರಡುವುದರಲ್ಲಿ ಮತ್ತು ನಿಲ್ಲುವುದರಲ್ಲಿ. ನಾನು ನನ್ನ ತಾರಸಿ ಮೇಲೆ ರಂಗೋಲಿ ಪುಡಿಯಲ್ಲಿ ಮೂರು ಚೌಕ ಬರೆದು ಬೆಳಿಗ್ಗೆ ಅಭ್ಯಾಸ ಮಾಡುತ್ತಿದ್ದೆ. ಮನೆಯವಳು ಮೊದಲ ದಿನ ‘ಇವತ್ತು ಯಾವ ಹಬ್ಬ?’ ಅಂತ ಕೇಳಿದ್ದಳು. ಮಂಡಿ ಸ್ವಲ್ಪ ಬಗ್ಗಿಸಿ, ಕೈಯಲ್ಲಿ ಅರ್ಧ ನೀರಿರುವ ಬಾಟಲಿ ಹಿಡಿದು, ಚೌಕದಿಂದ ಚೌಕಕ್ಕೆ ಹೋಗಿ ನಿಲ್ಲಿ. ನಿಂತಾಗ ನೀರು ತುಳುಕಬಾರದು. ದಯವಿಟ್ಟು ತಾರಸಿ ಮೇಲೆ ಏರ್ ಪಿಸ್ತೂಲ್ ಹಿಡಿದುಕೊಂಡು ಇದನ್ನು ಮಾಡಬೇಡಿ. ಪಕ್ಕದ ಮನೆಯವರು 112ಕ್ಕೆ ಫೋನ್ ಮಾಡಿದರೆ ಅವರದು ತಪ್ಪಲ್ಲ.

ಸುರಕ್ಷತೆ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಒಮ್ಮೆ ಇಲಾಖೆಯ ಒಳಗಿನ ಅಭ್ಯಾಸ ಸ್ಪರ್ಧೆಯಲ್ಲಿ ನಾನು ಚೆನ್ನಾಗಿ ಹೊಡೆಯುತ್ತಿದ್ದೆ. ಎರಡನೇ ಜಾಗದಿಂದ ಮೂರನೆಯದಕ್ಕೆ ಓಡುವಾಗ ರೇಂಜ್ ಆಫೀಸರ್ ‘ಸ್ಟಾಪ್!’ ಅಂತ ಕೂಗಿದರು. ನನ್ನ ಬೆರಳು ಟ್ರಿಗರ್ ಮೇಲೇ ಇತ್ತು. ನನಗೆ ಗೊತ್ತೇ ಇರಲಿಲ್ಲ. ಅವತ್ತಿನ ಆಟ ಅಲ್ಲಿಗೇ ಮುಗಿಯಿತು. ನನ್ನ ಶಿಷ್ಯರೇ ನೋಡುತ್ತಾ ನಿಂತಿದ್ದರು. ಓಡಾಡುವಾಗ ಬೆರಳು ಟ್ರಿಗರ್ ಗಾರ್ಡಿನ ಹೊರಗೆ, ಕಣ್ಣಿಗೆ ಕಾಣುವ ಹಾಗೆ ಇರಬೇಕು. ಪಿಸ್ತೂಲಿನ ಮೂತಿ ಎಡಕ್ಕೋ ಬಲಕ್ಕೋ 90 ಡಿಗ್ರಿ ದಾಟಿ ಹಿಂದೆ ತಿರುಗಬಾರದು. ಮ್ಯಾಗಜಿನ್ ಬದಲಿಸುವಾಗ, ಎಡಗಡೆ ಓಡುವಾಗ ಬಲಗೈಯವರು ಈ ತಪ್ಪು ಮಾಡುತ್ತಾರೆ. ಎರಡರಲ್ಲಿ ಯಾವುದು ತಪ್ಪಿದರೂ ಇಡೀ ಪಂದ್ಯದಿಂದ ಹೊರಗೆ, ವಾದ ಮಾಡುವ ಹಾಗಿಲ್ಲ. ಮನೆಯ ಡ್ರೈ ಫೈರ್‌ಗೂ ಒಂದು ಶಿಸ್ತು ಇರಲಿ: ಪೆಲೆಟ್ ಡಬ್ಬಿ ಬೇರೆ ಕೋಣೆಯಲ್ಲಿ, ಶುರು ಮಾಡುವ ಮೊದಲು ಎರಡು ಸಲ ತೆಗೆದು ನೋಡುವುದು, ಮುಗಿದ ಮೇಲೆ ‘ಮುಗೀತು’ ಅಂತ ಜೋರಾಗಿ ಹೇಳಿ ಪೆಟ್ಟಿಗೆಗೆ ಹಾಕುವುದು. ‘ಇನ್ನೊಂದೇ ಒಂದು ಸಲ’ ಅಂತ ಮತ್ತೆ ತೆಗೆಯುವಾಗಲೇ ಅನಾಹುತ ಆಗೋದು. ಹೋಲ್‌ಸ್ಟರಿನಿಂದ ತೆಗೆಯುವ ಅಭ್ಯಾಸವನ್ನಂತೂ ಪಕ್ಕದಲ್ಲಿ ಕೋಚ್ ಇಲ್ಲದೆ ಮಾಡಲೇಬೇಡಿ.

ಇನ್ನು ಇಲ್ಲೇ ಇದ್ದುಕೊಂಡು ಕಲಿಯುವುದು. ವಿಡಿಯೋದಲ್ಲಿ ನೀವು ನೋಡುವ ಪಿಸ್ತೂಲುಗಳಲ್ಲಿ ಹೆಚ್ಚಿನವು 9 ಎಂಎಂ. ನಮ್ಮ ದೇಶದಲ್ಲಿ ಅದು ನಿಷೇಧಿತ ಬೋರ್ (ನಳಿಕೆಯ ಒಳ ಅಳತೆ). ಸಾಮಾನ್ಯರಿಗೆ ಲೈಸೆನ್ಸ್ ಸಿಗಲ್ಲ. .22 ಮತ್ತು .32 ಸಿಗುತ್ತದೆ. ಅದಕ್ಕೂ 1959ರ ಶಸ್ತ್ರಾಸ್ತ್ರ ಕಾಯ್ದೆ, 2016ರ ನಿಯಮಗಳ ಪ್ರಕಾರ 21 ವರ್ಷ ಆಗಿರಬೇಕು, ಸುರಕ್ಷತಾ ತರಬೇತಿ ಆಗಿರಬೇಕು. ನೀವು ಮಂಡ್ಯದವರಾದ್ದರಿಂದ ಅರ್ಜಿ ಜಿಲ್ಲಾಧಿಕಾರಿ ಕಚೇರಿಗೆ. ಮೈಸೂರು ನಗರದವರಾದರೆ ಪೊಲೀಸ್ ಕಮಿಷನರ್ ಕಚೇರಿಗೆ. ಪಕ್ಕದ ಕೊಡಗಿನ ಸ್ನೇಹಿತರನ್ನು ಕೇಳಿ ಮೋಸ ಹೋಗಬೇಡಿ. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ (ವಂಶಪಾರಂಪರ್ಯ ಜಮೀನಿನವರಿಗೆ) 2029ರವರೆಗೆ ಲೈಸೆನ್ಸ್ ವಿನಾಯಿತಿ ಇದೆ, ನಮಗಿಲ್ಲ. ನಿಮ್ಮ ಏರ್ ಪಿಸ್ತೂಲು .177 ಬೋರಿನದು, ಶಕ್ತಿ 20 ಜೌಲ್ ದಾಟದಿದ್ದರೆ ಲೈಸೆನ್ಸ್ ಬೇಕಿಲ್ಲ. ಸದ್ಯಕ್ಕೆ ಸ್ವಂತ ಪಿಸ್ತೂಲ್ ಯೋಚನೆ ಬಿಡಿ, ಕ್ಲಬ್‌ನ .22 ಸಾಕು.

ಅದರಿಂದಲೇ ನಿಮ್ಮ ಇನ್ನೊಂದು ಪ್ರಶ್ನೆಗೂ ಉತ್ತರ. ಏರ್ ಪಿಸ್ತೂಲ್ ಬಿಡಬೇಡಿ, ಅದರ ಪಕ್ಕಕ್ಕೆ 25 ಮೀಟರ್ ಸೇರಿಸಿಕೊಳ್ಳಿ. ಅದರಲ್ಲೂ ರ‍್ಯಾಪಿಡ್ ಫೈರ್. ಐದು ಟಾರ್ಗೆಟ್, ಐದು ಗುಂಡು, ಮೊದಲು 8 ಸೆಕೆಂಡಿನಲ್ಲಿ, ಆಮೇಲೆ 6, ಕೊನೆಗೆ 4. ಕೈ 45 ಡಿಗ್ರಿ ಕೆಳಗಿಟ್ಟುಕೊಂಡು ಶುರು ಮಾಡಬೇಕು. 4 ಸೆಕೆಂಡಿನ ಸುತ್ತಿನಲ್ಲಿ ಮೊದಲ ಗುಂಡಿಗೆ 1.6 ತಗೊಂಡರೆ ಉಳಿದ ನಾಲ್ಕಕ್ಕೆ ತಲಾ 0.6. ಕಣ್ಣು ಮುಂದೆ, ಪಿಸ್ತೂಲು ಹಿಂದೆ, ಬೆರಳು ಶಾಂತ: ನಿಮಗೆ ಬೇಕಾದ ವಿದ್ಯೆ ಎಲ್ಲ ಇಲ್ಲೇ ಇದೆ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸೇನೆಯ ವಿಜಯ್ ಕುಮಾರ್ ಬೆಳ್ಳಿ ಗೆದ್ದದ್ದು ಇದೇ ಸ್ಪರ್ಧೆಯಲ್ಲಿ. ಇದಕ್ಕೆ ಜಿಲ್ಲೆ, ರಾಜ್ಯ, ರಾಷ್ಟ್ರ ಅಂತ ಮೆಟ್ಟಿಲಿದೆ, ರೈಫಲ್ ಅಸೋಸಿಯೇಷನ್‌ಗಳ ಪಂದ್ಯಗಳಿವೆ. ಪ್ರಾಕ್ಟಿಕಲ್ ಪಂದ್ಯ ಸಿಗಲಿ ಬಿಡಲಿ, ನೀವು ಎಲ್ಲೋ ಒಂದು ಕಡೆ ಸ್ಪರ್ಧೆಯಲ್ಲಿ ಇರುತ್ತೀರಿ. ಸ್ಪರ್ಧೆಯ ಎದೆಬಡಿತ ಮನೆ ಗೋಡೆ ಮುಂದೆ ಬರಲ್ಲ.

ಆ ಇಬ್ಬರು ಕೋಚ್‌ಗಳಲ್ಲಿ ಯಾರನ್ನು ಇಟ್ಟುಕೊಳ್ಳಬೇಕು ಅಂತ ಕಂಡುಕೊಳ್ಳುವುದೂ ಕಷ್ಟವಲ್ಲ. ನೀವು ಹೊಡೆಯುವಾಗ ಅವರು ಎಲ್ಲಿ ನಿಲ್ಲುತ್ತಾರೆ ನೋಡಿ. ಬೆನ್ನ ಹಿಂದೆ ನಿಂತು, ದೂರದರ್ಶಕದಲ್ಲಿ ಟಾರ್ಗೆಟ್ ನೋಡಿ ‘ಏಳು, ಎಂಟು, ಅಯ್ಯೋ ಆರು’ ಅನ್ನುವವರು ಬೇಡ. ಅದನ್ನು ನೀವೇ ನೋಡಿಕೊಳ್ಳಬಹುದು. ಪಕ್ಕದಲ್ಲಿ ನಿಂತು ನಿಮ್ಮ ಬೆರಳು, ಕಣ್ಣರೆಪ್ಪೆ ನೋಡುವವರು, ಗುಂಡು ಹಾರಿದ ಮೇಲೆ ಟಾರ್ಗೆಟ್ ತೋರಿಸುವ ಮೊದಲು ‘ಎಲ್ಲಿ ತಗಲಿರಬೇಕು, ಹೇಳಿ’ ಅಂತ ಕೇಳುವವರು ಸಿಕ್ಕರೆ ಅವರ ಹತ್ತಿರವೇ ಇರಿ. ಫೀಸು ಸ್ವಲ್ಪ ಜಾಸ್ತಿಯಾದರೂ ಪರವಾಗಿಲ್ಲ. ಮುಂದಿನ ಸಲ ಹೋದಾಗ ಡಮ್ಮಿ ಹಾಕಿದ ಮ್ಯಾಗಜಿನ್ ತುಂಬಿಕೊಡಲು ಇಬ್ಬರನ್ನೂ ಕೇಳಿ. ‘ಅದೆಲ್ಲ ಯಾಕೆ, ಸುಮ್ನೆ ಹೊಡೀರಿ’ ಅಂದವರು ಯಾರು, ತಕ್ಷಣ ಕೈಚಾಚಿದವರು ಯಾರು ಅಂತ ನನಗೂ ಬರೆದು ತಿಳಿಸಿ.